ದಿನವಿಡೀ ಆಡುವವರೂ ಬಿಡುವಿನಲ್ಲಿ ಆಡುವವರೂ ಒಂದೇ ಆಟದಲ್ಲಿ ಉಳಿಯುವುದು ಹೇಗೆ?

ಉದ್ಯಮಬಾಗ, ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ಟಿಳಕವಾಡಿಯಲ್ಲಿ ಕೂಡಿ ಬೆಳೆದ ನಾವು ಐವರು ಗೆಳೆಯರು ಕೊನೆಯವರೆಗೆ ಉಳಿದವರೇ ಗೆಲ್ಲುವ ಒಂದು ಬ್ಯಾಟಲ್ ರಾಯಲ್ ಆಟವನ್ನು ಆಡುತ್ತೇವೆ. ಇಬ್ಬರು ಇನ್ನೂ ಎಂಜಿನಿಯರಿಂಗ್ ಓದುತ್ತಿದ್ದು, ರ್‍ಯಾಂಕ್‌ನಲ್ಲಿ ಬಹಳ ಮೇಲಿದ್ದಾರೆ. ನಾನು ಫೌಂಡ್ರಿಯಲ್ಲಿ ಪಾಳಿಯ ಕೆಲಸ ಮಾಡುವವನಾದ್ದರಿಂದ ಊಟವಾದ ಮೇಲೆ ಒಂದೆರಡು ಮ್ಯಾಚ್ ಆಡಿದರೆ ಹೆಚ್ಚು. ನಾನು ಅಷ್ಟಿಷ್ಟು ಮೇಲೇರುವಷ್ಟರಲ್ಲಿ ಸೀಸನ್ ಮುಗಿದು ರ್‍ಯಾಂಕ್ ಮತ್ತೆ ಕೆಳಗಿಳಿಯುತ್ತದೆ. ಸ್ಕ್ವಾಡ್‌ನಲ್ಲಿ ನಾಲ್ವರಿಗಷ್ಟೇ ಜಾಗವಿರುವುದರಿಂದ ಹೊರಗುಳಿಯುವವನು ಪ್ರತಿ ಸಲವೂ ನಾನೇ. ಅವರ ಆಟದ ಮಟ್ಟವನ್ನು ಇಳಿಸಬೇಕೆಂದು ನಾನು ಕೇಳುತ್ತಿಲ್ಲ. ಇಬ್ಬಗೆಯವರಿಗೂ ಹೊಂದುವಂತೆ ಆಟವನ್ನು ರೂಪಿಸಲು ಸಾಧ್ಯವೇ, ಸಾಧ್ಯವಾಗಿರುವ ಉದಾಹರಣೆಗಳಿವೆಯೇ ಎಂಬುದು ನನ್ನ ಪ್ರಶ್ನೆ.

ನವನಗರ, ಬಾಗಲಕೋಟೆ:
ಇದು ಹಳೆಯ ಸಮಸ್ಯೆ. 2004ರಲ್ಲಿ ಬಂದ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಹಲವರು ಕೂಡಿ ಬಲಿಷ್ಠ ಶತ್ರುಗಳ ಮೇಲೆ ಏರಿಹೋಗುವ ದೊಡ್ಡ ರೇಡ್‌ಗಳಿಗೆ 40 ಜನ ಬೇಕಾಗುತ್ತಿತ್ತು. ಅಷ್ಟು ಜನರನ್ನು ಒಂದೇ ಹೊತ್ತಿಗೆ ಕೂಡಿಸಿ ಗಂಟೆಗಟ್ಟಲೆ ಕೂರಿಸುವ ಶಕ್ತಿ ಕೆಲವೇ ಆಟಗಾರರ ಸಂಘಗಳಿಗೆ, ಅಂದರೆ ಗಿಲ್ಡ್‌ಗಳಿಗಿತ್ತು. 2006ರಲ್ಲಿ ತೆರೆದ ನಕ್ಸ್‌ರಾಮಸ್ ಎಂಬ ರೇಡನ್ನು ಬಹುಪಾಲು ಆಟಗಾರರು ನೋಡಲೇ ಇಲ್ಲ. ಅದನ್ನೇ 2008ರಲ್ಲಿ 10 ಮತ್ತು 25 ಜನರಿಗೆ ತಕ್ಕಂತೆ ಮರಳಿ ತಂದರು. 2011ರಲ್ಲಿ ಅಪರಿಚಿತರನ್ನು ತಾನೇ ಜೊತೆಗೂಡಿಸುವ, ಸುಲಭ ಮಟ್ಟದ ರೇಡ್ ಫೈಂಡರ್ ಬಂದಾಗ ಹಳಬರು ಸಾಕಷ್ಟು ಗೊಣಗಿದರು. ಆದರೂ ಆ ದಾರಿಯೇ ಸರಿಯೆಂದು ನನ್ನ ಅಭಿಪ್ರಾಯ: ಕಥೆ ಎಲ್ಲರಿಗೂ ಸಿಗಲಿ, ಅತ್ಯುತ್ತಮ ಆಯುಧ ಕಠಿಣ ಮಟ್ಟವನ್ನು ಗೆದ್ದವರಿಗೇ ಇರಲಿ.

ಅದೇ ಆಟದ ಇನ್ನೊಂದು ಏರ್ಪಾಡು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯದು. ಆಡದೆ ಬಿಟ್ಟ ಹೊತ್ತಿಗೆ ವಿಶ್ರಾಂತಿಯ ಲಾಭ ಕೂಡುತ್ತಾ ಹೋಗುತ್ತದೆ. ಮರಳಿ ಬಂದವನಿಗೆ ಅದು ತೀರುವವರೆಗೆ ಶತ್ರುಗಳನ್ನು ಕೊಂದಾಗ ಇಮ್ಮಡಿ ಅನುಭವಾಂಕ ದೊರೆಯುತ್ತದೆ. ಪರೀಕ್ಷಾ ಹಂತದಲ್ಲಿ ಇದು ಹೆಚ್ಚು ಆಡಿದವರ ಅಂಕ ಕಡಿತವಾಗಿತ್ತು, ಆಟಗಾರರು ಸಿಟ್ಟಾದರು. ಅದನ್ನೇ ತಿರುವಿ ಬಿಡುವು ಕೊಟ್ಟವರಿಗೆ ಲಾಭವೆಂದು ಇಟ್ಟಾಗ ಎಲ್ಲರೂ ಒಪ್ಪಿದರು.

ವಿಜಯಪುರ:
ನವನಗರದವರ ಮಾತಿಗೆ ಒಂದನ್ನು ಸೇರಿಸಬೇಕು. ಹೊಸಬರಿಗೆ ಕಲಿಸುವವರು, ಹೊಸ ತಂತ್ರ ಹುಡುಕುವವರು, ಗಿಲ್ಡ್ ನಡೆಸುವವರು ಬಹುತೇಕ ದಿನವಿಡೀ ಆಡುವವರೇ. ಅವರು ಬೆವರು ಸುರಿಸಿ ಗೆದ್ದದ್ದನ್ನು ಮುಂದಿನ ತಿಂಗಳು ಎಲ್ಲರಿಗೂ ಹಂಚಿದರೆ ಅವರು ಬೇಸತ್ತು ಹೋಗುತ್ತಾರೆ, ಆಮೇಲೆ ನಮ್ಮಂಥವರಿಗೂ ಆಟ ಉಳಿಯುವುದಿಲ್ಲ. ನಮ್ಮ ಕಡೆಯ ಜಾತ್ರೆಯ ಕುಸ್ತಿಯಲ್ಲಿ ಹುಡುಗರ ಜೋಡಿಯೂ ಕೊನೆಯ ನಿಕಾಲಿ ಕುಸ್ತಿಯ ಪೈಲ್ವಾನರೂ ಇಳಿಯುವುದು ಒಂದೇ ಅಖಾಡಕ್ಕೆ, ಆದರೆ ಜೋಡಿ ಹಚ್ಚುವವರು ಬಲ ನೋಡಿಯೇ ಹಚ್ಚುತ್ತಾರೆ, ಬಹುಮಾನವೂ ಅದಕ್ಕೆ ತಕ್ಕಂತೆಯೇ.

ಉದ್ಯಮಬಾಗದವರಿಗೆ ಬೇಕಾಗಿರುವುದು ರ್‍ಯಾಂಕ್‌ಗಿಂತ ಗೆಳೆಯರ ಜೊತೆ ಎಂದು ನನಗನ್ನಿಸುತ್ತದೆ. ಹಾಗಿದ್ದರೆ ಆಟಗಾರರ ಎರಡು ತಂಡಗಳು (ಕ್ಲಾನ್‌ಗಳು) ಪರಸ್ಪರರ ನೆಲೆಗಳ ಮೇಲೆ ದಾಳಿ ಮಾಡುವ, ಮೊಬೈಲ್ ಆಟ ಕ್ಲಾಷ್ ಆಫ್ ಕ್ಲಾನ್ಸ್‌ನ ಕ್ಲಾನ್ ಯುದ್ಧವನ್ನು ನೋಡಿ. ಒಂದು ದಿನ ಸಿದ್ಧತೆ, ಒಂದು ದಿನ ಕದನ. ಎಷ್ಟೇ ಹೊತ್ತು ಆಡುವವನಾದರೂ ಒಬ್ಬನಿಗೆ ಎರಡೇ ದಾಳಿ. ನಿಪುಣರು ಎದುರಾಳಿಯ ದೊಡ್ಡ ನೆಲೆಗಳನ್ನು ನೋಡಿಕೊಂಡರೆ, ಕೆಳಗಿನ ನೆಲೆಯನ್ನು ಪೂರ್ತಿ ಗೆದ್ದರೆ ಸಿಗುವ ಮೂರು ನಕ್ಷತ್ರಗಳನ್ನು ಬಿಡುವಿನವನು ತರಬೇಕು, ಮೇಲಿನ ನೆಲೆಯದ್ದಕ್ಕೂ ಕೆಳಗಿನದ್ದಕ್ಕೂ ನಕ್ಷತ್ರದ ಬೆಲೆ ಒಂದೇ. ನಮ್ಮ ಕ್ಲಾನಿನಲ್ಲಿ ಹೊಲದ ಕೆಲಸ ಮುಗಿಸಿ ರಾತ್ರಿ ಮಾತ್ರ ಬರುವ ಒಬ್ಬರಿದ್ದಾರೆ. ಅವರ ದಾಳಿ ಬಾಕಿ ಇದ್ದರೆ ಎಲ್ಲರೂ ಅವರಿಗಾಗಿ ಕಾಯುತ್ತೇವೆ.

ಉದ್ಯಮಬಾಗ, ಬೆಳಗಾವಿ:
ಇಬ್ಬರಿಗೂ ಧನ್ಯವಾದಗಳು. ನನಗೆ ಬೇಕಾದದ್ದು ಜೊತೆಯೇ, ಅದನ್ನು ವಿಜಯಪುರದವರು ಸರಿಯಾಗಿ ಗುರುತಿಸಿದಿರಿ. ವಾರದ ದಿನಗಳಲ್ಲಿ ಅವರು ರ್‍ಯಾಂಕ್ ಮ್ಯಾಚ್ ಆಡಲಿ; ರವಿವಾರಕ್ಕೊಮ್ಮೆ ಕ್ಲಾನ್ ಯುದ್ಧ ಇಟ್ಟುಕೊಳ್ಳೋಣ ಎಂದು ಗೆಳೆಯರಿಗೆ ಹೇಳುತ್ತೇನೆ. ನಾವು ಐವರೇ ಇರುವುದು, ಅಷ್ಟು ಜನ ಸಾಕಾಗುತ್ತಾರೆಯೇ?

ವಿಜಯಪುರ:
ಸಾಕು. ಐವರಿಗೆ ಐವರ ಯುದ್ಧವಿದೆ, ಯಾರನ್ನೂ ಹೊರಗಿಡಬೇಕಾಗಿಲ್ಲ.