ಡೆಟ್ರಾಯಿಟ್ ಡೌನ್‌ಟೌನ್: ಕಟ್ಟಡ ಕೆಡವಿ ಪಾರ್ಕಿಂಗ್ ಮಾಡಿದರೆ ಯಾರಿಗೆ ಲಾಭ?

ಗಾರೆ ಮೇಸ್ತ್ರಿ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಡೆಟ್ರಾಯಿಟ್‌ಗೆ ಬಂದು ಆರು ವರ್ಷ ಆಯಿತು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ವಾರಕ್ಕೆ ಮೂರು ದಿನ ಡೌನ್‌ಟೌನ್ ಆಫೀಸಿಗೆ ಹೋಗಬೇಕು.

ನನ್ನ ಕಿಟಕಿಗೆ ಎದುರಾಗಿ ಮೂರಂತಸ್ತಿನ ಇಟ್ಟಿಗೆ ಕಟ್ಟಡ ಒಂದಿತ್ತು. ಕೆಳಗಡೆ ಯಾವತ್ತೋ ಮುಚ್ಚಿದ ಅಂಗಡಿ. ಬಾಗಿಲ ಮೇಲೆ ಶೂ ರಿಪೇರಿ ಅಂತ ಬರೆದಿದ್ದ ಮಾಸಿದ ಅಕ್ಷರ ಇನ್ನೂ ಓದಬಹುದಿತ್ತು. ಮಾರ್ಚ್‌ನಲ್ಲಿ ಯಂತ್ರ ಬಂತು. ನಾಲ್ಕು ದಿನದಲ್ಲಿ ಎಲ್ಲ ನೆಲಸಮ. ಮೇ ಹೊತ್ತಿಗೆ ಜಲ್ಲಿ, ಟಾರು, ಹಳದಿ ಗೆರೆ, ಒಂದು ಬೋರ್ಡು. ಪಕ್ಕದ ಕಟ್ಟಡದ ಗೋಡೆಯಲ್ಲಿ ಮಾತ್ರ ಹಳೆಯದರ ಗುರುತು ಉಳಿದಿದೆ. ಮೆಟ್ಟಿಲು ಹತ್ತಿಹೋಗಿದ್ದ ಜಾಗ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಎರಡನೇ ಮಹಡಿಯಲ್ಲಿ ಯಾರೋ ಒಂದು ಕೋಣೆಗೆ ಎಳೆ ಹಸಿರು ಬಣ್ಣ ಬಳಿದಿದ್ದರು. ಆ ಹಸಿರು ಚೌಕ ಈಗ ಬಿಸಿಲಿಗೆ ಬಿದ್ದಿದೆ.

ಹೋದ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಎಣಿಸಿದೆ. 46 ಜಾಗ, 9 ಕಾರು. ಪಂದ್ಯ ಇರುವ ದಿನ ಮಾತ್ರ ಪೂರ್ತಿ ತುಂಬುತ್ತದೆ. ಅವತ್ತು ಒಂದು ಕಾರಿಗೆ 40 ಡಾಲರ್.

ಇದು ನನ್ನ ಮನಸ್ಸಿಗೆ ಇಷ್ಟು ಚುಚ್ಚಲು ಅಪ್ಪನೂ ಕಾರಣ. ಅಪ್ಪ ಮೈಸೂರಿನಲ್ಲಿ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಹೋದ ವರ್ಷ ಬೇಸಿಗೆಗೆ ಇಲ್ಲಿಗೆ ಬಂದಿದ್ದಾಗ ಬ್ಯಾಗ್ಲಿ ಅವೆನ್ಯೂನ ಮಿಷಿಗನ್ ಥಿಯೇಟರ್‌ಗೆ ಕರೆದುಕೊಂಡು ಹೋದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: 1926ರಲ್ಲಿ ಶುರುವಾದ, ನಾಲ್ಕು ಸಾವಿರ ಜನ ಕೂರುವ ಚಿತ್ರಮಂದಿರ. ಪಕ್ಕದ ಆಫೀಸ್ ಕಟ್ಟಡದವರಿಗೆ ಕಾರು ನಿಲ್ಲಿಸಲು ಜಾಗ ಬೇಕಾಯಿತು. ಚಿತ್ರಮಂದಿರ ಕೆಡವಿದರೆ ಆಫೀಸ್ ಕಟ್ಟಡವೇ ಅಲ್ಲಾಡುತ್ತದೆ ಅಂತ ತಿಳಿಯಿತು. ಹಾಗಾಗಿ 1977ರಲ್ಲಿ ಒಳಗಿನ ಸೀಟು, ಹಜಾರ ಎಲ್ಲ ಕಿತ್ತು, ಅದರೊಳಗೇ ಮೂರು ಹಂತದ ಕಾಂಕ್ರೀಟ್ ಪಾರ್ಕಿಂಗ್ ಕಟ್ಟಿದರು. ಮೇಲಿನ ಹಂತದಲ್ಲಿ ನಿಂತು ತಲೆ ಎತ್ತಿದರೆ ಚಾವಣಿ ಹಾಗೇ ಇದೆ. ಹೂವು, ಬಳ್ಳಿ, ವೇದಿಕೆಯ ಮೇಲಿನ ದೊಡ್ಡ ಕಮಾನು. ಕೆಳಗೆ ಪಿಕಪ್ ಟ್ರಕ್‌ಗಳು.

ಕಾವಲಿನವರನ್ನು ಕೇಳಿಕೊಂಡು ಹತ್ತು ನಿಮಿಷ ಒಳಗೆ ನಿಂತೆವು. ಅಪ್ಪ ಮಾತೇ ಆಡಲಿಲ್ಲ. ಆಮೇಲೆ ಒಂದು ಕಡೆ ಗಾರೆ ಉದುರಿದ್ದನ್ನು ತೋರಿಸಿ, "ಹೂವು ಅಚ್ಚಿಗೆ ಹೊಯ್ದದ್ದು, ಅಂಚು ಮಾತ್ರ ಕೈಯಲ್ಲಿ ತೀಡಿದ್ದಾರೆ. ಅಷ್ಟು ಮೇಲೆ ಮಲಗಿಕೊಂಡು ಮಾಡಿರಬೇಕು, ಪಾಪ" ಅಂದರು. ಹೊರಗೆ ಬಂದ ಮೇಲೆ 1896ರಲ್ಲಿ ಹೆನ್ರಿ ಫೋರ್ಡ್ ತಮ್ಮ ಮೊದಲ ಗಾಡಿ ಕಟ್ಟಿದ್ದು ಇದೇ ಜಾಗದಲ್ಲಿ ಅಂತ ಹೇಳಿದೆ. ಅಪ್ಪ ಇನ್ನೊಂದು ಸಲ ಒಳಗೆ ಹೋಗಿ ನೋಡಿಕೊಂಡು ಬಂದರು.

ನನ್ನ ಪ್ರಶ್ನೆ ಎರಡು. ಇದ್ದ ಕಟ್ಟಡ ಕೆಡವಿ ಮುಕ್ಕಾಲು ಖಾಲಿ ಬೀಳುವ ಪಾರ್ಕಿಂಗ್ ಮಾಡುವುದರಲ್ಲಿ ಮಾಲೀಕರಿಗೆ ಏನು ಲಾಭ? ನನ್ನಂಥವರು ಇದರ ಬಗ್ಗೆ ಎಲ್ಲಿ ಮಾತಾಡಬಹುದು? ನಮ್ಮ ಬೀದಿಯಲ್ಲೇ ಇನ್ನೊಂದು ಹಳೇ ಕಟ್ಟಡಕ್ಕೆ ಬೇಲಿ ಹಾಕಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ.

ವುಡ್‌ವರ್ಡ್ ಮಾವ

ತಂಗಿ, ನಾನು ಇಲ್ಲಿಗೆ ಬಂದದ್ದು 1991ರಲ್ಲಿ. ನಿನ್ನ ಎರಡನೇ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಒಂದು ವಿಷಯ ಹೇಳಲೇಬೇಕು.

1998ರ ಅಕ್ಟೋಬರ್ 24, ಶನಿವಾರ. ವುಡ್‌ವರ್ಡ್ ಅವೆನ್ಯೂನಲ್ಲಿದ್ದ ಹಡ್ಸನ್ಸ್ ಅಂಗಡಿಯನ್ನು ಸಿಡಿಮದ್ದು ಇಟ್ಟು ಬೀಳಿಸಿದ ದಿನ. ಅದನ್ನು ಅಂಗಡಿ ಅನ್ನುವುದೂ ತಪ್ಪೇ. ಒಂದು ಇಡೀ ಬ್ಲಾಕ್ ತುಂಬಿದ್ದ, 439 ಅಡಿ ಎತ್ತರದ ಕಟ್ಟಡ. ವ್ಯಾಪಾರ ನಿಂತದ್ದು 1983ರಲ್ಲಿ, ನಾನು ಬರುವ ಮೊದಲೇ. ನಮ್ಮ ಆಫೀಸಿನ ಅಮೆರಿಕನ್ ಹೆಂಗಸರು ಮಾತ್ರ ಕ್ರಿಸ್‌ಮಸ್ ಬಂತೆಂದರೆ ಅದರ ಮಾತೇ ಆಡುತ್ತಿದ್ದರು. ಅಮ್ಮನ ಕೈ ಹಿಡಿದು ಆಟದ ಸಾಮಾನಿನ ಮಹಡಿಗೆ ಹೋಗಿದ್ದು, ಅಲ್ಲಿ ಊಟ ಮಾಡಿದ್ದು.

ಅವತ್ತು ಸಂಜೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದೆ. ಅವನಿಗೆ ಆಗ ಮೂರು ವರ್ಷ. ಢಬಢಬ ಅಂತ ಸದ್ದು, ನಡು ಮುರಿದ ಹಾಗೆ ಕಟ್ಟಡ ಕುಸಿಯಿತು. ಆಮೇಲೆ ಬೂದು ಬಣ್ಣದ ಧೂಳು ಬೀದಿ ಹಿಡಿದು ನಮ್ಮ ಕಡೆಗೇ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಊರು ಉದ್ಧಾರ ಆಗುತ್ತದೆ ಅಂತ ನಿಜವಾಗಿ ನಂಬಿದ್ದೆ. ಪಕ್ಕದಲ್ಲಿ ಓಡುವ ಪೀಪಲ್ ಮೂವರ್ ರೈಲಿನ ಹಳಿಗೂ ಪೆಟ್ಟು ಬಿತ್ತು. ಪೂರ್ತಿ ಸುತ್ತು ಮತ್ತೆ ಓಡಲು ತಿಂಗಳುಗಳೇ ಹಿಡಿದವು.

ಆಮೇಲೆ ಏನಾಯಿತು ಗೊತ್ತಾ? ಅದೇ ಜಾಗದಲ್ಲಿ ನೆಲದಡಿ ಪಾರ್ಕಿಂಗ್ ಕಟ್ಟಿದರು. ಮೇಲೆ ಏನೂ ಇಲ್ಲ. ಮುಂದೆ ಕಟ್ಟಡ ಬರಲಿ ಅಂತ ಕಂಬಗಳ ತುದಿ ಮಾತ್ರ ನೆಲದಿಂದ ಎದ್ದು ನಿಂತಿದ್ದವು. ಹೊಸ ಕಟ್ಟಡಕ್ಕೆ ಗುದ್ದಲಿ ಬಿದ್ದದ್ದು 2017ರ ಡಿಸೆಂಬರ್‌ನಲ್ಲಿ. ಹತ್ತೊಂಬತ್ತು ವರ್ಷ! ನನ್ನ ಹೆಗಲ ಮೇಲಿದ್ದ ಹುಡುಗ ಅಷ್ಟರಲ್ಲಿ ಕಾಲೇಜು ಮುಗಿಸಿದ್ದ. ಈಗ ಅಲ್ಲಿ ಎತ್ತರದ ಗೋಪುರ ಎದ್ದಿದೆ. ಜನರಲ್ ಮೋಟರ್ಸ್ ತನ್ನ ಮುಖ್ಯ ಕಚೇರಿಯನ್ನು ಅಲ್ಲಿಗೆ ಒಯ್ಯುತ್ತೇವೆ ಅಂತ 2024ರಲ್ಲಿ ಹೇಳಿತು. ಅದೇ ವರ್ಷ, ಆಗ ಅವರ ಮುಖ್ಯ ಕಚೇರಿ ಇದ್ದ ನದಿ ದಡದ ರಿನೇಸಾನ್ಸ್ ಸೆಂಟರ್‌ನ ಎರಡು ಗೋಪುರ ಕೆಡವುವ ಯೋಜನೆಯೂ ಹೊರಬಂತು. ಆ ಸುದ್ದಿ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ಊರು ಖಾಲಿಯಾದ್ದರಿಂದ ಕಟ್ಟಡ ಬಿತ್ತು ಅಂತ ಎಲ್ಲರೂ ಹೇಳುತ್ತಾರೆ. ಜನ ಕಡಿಮೆಯಾದದ್ದು ನಿಜ. 1950ರಲ್ಲಿ ಹದಿನೆಂಟೂವರೆ ಲಕ್ಷ, 2020ರಲ್ಲಿ ಆರು ಲಕ್ಷದ ನಲವತ್ತು ಸಾವಿರಕ್ಕೂ ಸ್ವಲ್ಪ ಕಡಿಮೆ. ಆದರೆ ಕೆಡವುವ ಕೆಲಸ ಊರು ತುಂಬಿದ್ದಾಗಲೇ ಶುರುವಾಗಿತ್ತು. ಡೌನ್‌ಟೌನ್ ಪಕ್ಕದ ಬ್ಲ್ಯಾಕ್ ಬಾಟಂ, ಪ್ಯಾರಡೈಸ್ ವ್ಯಾಲಿ ಕರಿಯರ ಮನೆ, ಅಂಗಡಿ, ಸಂಗೀತದ ಜಾಗಗಳಿಂದ ಗಿಜಿಗುಡುತ್ತಿದ್ದವು. ಅವನ್ನು ಅಳಿಸಿ ಹೆದ್ದಾರಿ ಹಾಕಿದರು. ಹೇಸ್ಟಿಂಗ್ಸ್ ಬೀದಿ ಇದ್ದ ಕಡೆ ಈಗ ಕಾರು ಹರಿಯುತ್ತವೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರ ಮನೆ ಅಲ್ಲಿತ್ತು. ಹೆದ್ದಾರಿಯಲ್ಲಿ ಹೋಗುವಾಗ ಒಂದು ಸೇತುವೆ ಹತ್ತಿರ ಬಂದರೆ ಸಾಕು, "ಇಲ್ಲೇ ನಮ್ಮ ಅಡುಗೆಮನೆ" ಅನ್ನುತ್ತಿದ್ದರು. ಪ್ರತಿ ಸಲವೂ.

ಸೈಟು ಲೆಕ್ಕ

ನಾನು ಇಲ್ಲಿ ಆಸ್ತಿ ತೆರಿಗೆ ಲೆಕ್ಕದ ಕೆಲಸದಲ್ಲಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಆಸ್ತಿ ತೆರಿಗೆ ಬೀಳುವುದು ನೆಲ, ಕಟ್ಟಡ ಎರಡೂ ಸೇರಿದ ಬೆಲೆಯ ಮೇಲೆ. ಕಟ್ಟಡ ಕೆಡವಿದರೆ ಅದರ ಪಾಲಿನ ತೆರಿಗೆ ಹೋಯಿತು. ಜೊತೆಗೆ ಖರ್ಚೂ ನಿಂತಿತು. ಖಾಲಿ ಕಟ್ಟಡ ಇಟ್ಟುಕೊಳ್ಳುವುದು ಈ ಊರಲ್ಲಿ ಸುಲಭ ಅಲ್ಲ. ಚಳಿಗಾಲದಲ್ಲಿ ಒಳಗೆ ಬಿಸಿ ಇಡದಿದ್ದರೆ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ವಿಮೆ ಜಾಸ್ತಿ. ಚಾವಣಿ ಸೋರಿದರೆ ನೋಟಿಸು. ಟಾರು ಹಾಕಿದ ನೆಲಕ್ಕೆ ಇದ್ಯಾವುದೂ ಇಲ್ಲ. ಹಿಮ ಎತ್ತಿಸಬೇಕು, ಗೆರೆ ಬಳಿಸಬೇಕು, ಅಷ್ಟೇ. ವರ್ಷಕ್ಕೆ ಕೆಲವೇ ಪಂದ್ಯದ ದಿನ ತುಂಬಿದರೂ ನಷ್ಟ ಇಲ್ಲ.

ಮಿಷಿಗನ್‌ನಲ್ಲಿ ಇನ್ನೊಂದು ನಿಯಮ ಇದೆ, 1994ರಲ್ಲಿ ಬಂದದ್ದು. ಆಸ್ತಿ ಕೈ ಬದಲಾಗುವವರೆಗೆ ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ 5%, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಏರಬೇಕು. ವಯಸ್ಸಾದವರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳಬಾರದು ಅನ್ನುವವರಿಗೆ ಇದು ಒಳ್ಳೆಯದೇ. ಆದರೆ ಡೌನ್‌ಟೌನ್‌ನಲ್ಲಿ ಇಪ್ಪತ್ತು ವರ್ಷದಿಂದ ನೆಲ ಹಿಡಿದು ಕೂತವರಿಗೂ ಅದೇ ರಿಯಾಯಿತಿ. ಸುತ್ತ ಬೆಲೆ ಏರುತ್ತದೆ, ಅವರ ತೆರಿಗೆ ಅಷ್ಟು ಏರುವುದಿಲ್ಲ. ಅವರಿಂದ ಕೊಂಡು ಮನೆ ಕಟ್ಟಲು ಹೊರಟವರಿಗೆ ಮಾತ್ರ ಹೊಸ ಬೆಲೆಯ ಮೇಲೆ ತೆರಿಗೆ. ಕಾದು ಕೂತರೆ ಲಾಭ, ಕಟ್ಟಿದರೆ ದಂಡ. ನೀವು ನೋಡಿದ ಆ 46 ಜಾಗದ ಹಿಂದೆ ಇರುವುದು ಈ ಲೆಕ್ಕ.

ಇದನ್ನು ಬದಲಿಸಲು ಆಗಿನ ಮೇಯರ್ ಮೈಕ್ ಡಗನ್ 2023ರಲ್ಲಿ ಒಂದು ಯೋಜನೆ ತಂದರು. ಕಟ್ಟಡದ ಮೇಲೆ ತೆರಿಗೆ ಇಳಿಸಿ, ನೆಲದ ಮೇಲೆ ಏರಿಸುವುದು. ಮನೆ ಇರುವವರಿಗೆ ಸರಾಸರಿ 17% ಇಳಿಯುತ್ತದೆ, ಖಾಲಿ ಜಾಗ, ಪಾರ್ಕಿಂಗ್ ಇಟ್ಟವರಿಗೆ ಏರುತ್ತದೆ ಅಂತ ಲೆಕ್ಕ. ಅದಕ್ಕೆ ರಾಜ್ಯದ ಶಾಸನಸಭೆ ಒಪ್ಪಬೇಕಿತ್ತು. ಅಲ್ಲಿ ಬೇಕಾದಷ್ಟು ಮತ ಸಿಗಲಿಲ್ಲ. ನನಗೆ ಅದು ಇವತ್ತಿಗೂ ಸಂಕಟ.

ಪಾರ್ಕಿಂಗ್ ಎಷ್ಟು ನೆಲ ತಿನ್ನುತ್ತದೆ ಅನ್ನುವುದನ್ನು ನಮ್ಮ ಊರಿನ ಅಳತೆಯಲ್ಲಿ ಹೇಳುತ್ತೇನೆ. ಕಾರು ನಿಲ್ಲುವ ಜಾಗ, ಅದು ಒಳಗೆ ಹೊರಗೆ ಓಡಾಡುವ ದಾರಿ ಎಲ್ಲ ಸೇರಿ ಒಂದಕ್ಕೆ ಸುಮಾರು 300 ಚದರ ಅಡಿ ಬೇಕು. ಅಂದರೆ ಒಂದು ಮೂವತ್ತು-ನಲವತ್ತು ಸೈಟಿನಲ್ಲಿ ನಾಲ್ಕೇ ಕಾರು. ಅದೇ ಸೈಟಿನಲ್ಲಿ ಬೆಂಗಳೂರಿನಲ್ಲಿ ಎಷ್ಟು ಸಂಸಾರ ಇರುತ್ತವೆ, ನೀವೇ ಯೋಚನೆ ಮಾಡಿ.

ರಾತ್ರಿ ಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಒಂದು ಮಾತು ಹೇಳಲಾ? ಪಾರ್ಕಿಂಗ್ ಬೇಡ ಅನ್ನುವುದು ಸುಲಭ. ಜನವರಿಯಲ್ಲಿ, ಮೈನಸ್ ಹದಿನೈದರಲ್ಲಿ, ರಾತ್ರಿ ಹನ್ನೊಂದೂವರೆಗೆ ಡ್ಯೂಟಿ ಬಿಟ್ಟು ಹೊರಗೆ ಬರುವವರಿಗೆ ಕಾರು ಹತ್ತಿರ ಇರಲೇಬೇಕು. ನಮ್ಮ ಉಪನಗರಕ್ಕೆ ಆ ಹೊತ್ತಿಗೆ ಬಸ್ಸೇ ಇಲ್ಲ. ವುಡ್‌ವರ್ಡ್ ಮೇಲೆ 2017ರಿಂದ ಓಡುವ ಕ್ಯೂಲೈನ್ ಟ್ರಾಮ್ ಇರುವುದು 3.3 ಮೈಲಿ ಮಾತ್ರ. ಸುತ್ತಲಿನ ನಾಲ್ಕು ಕೌಂಟಿಗೂ ಒಳ್ಳೆ ಬಸ್ಸು ಕೊಡಲು ತೆರಿಗೆ ಹಾಕೋಣ ಅಂತ 2016ರ ನವೆಂಬರ್‌ನಲ್ಲಿ ಮತಕ್ಕೆ ಹಾಕಿದರು. ಕೂದಲೆಳೆಯಲ್ಲಿ ಸೋತಿತು. ನಾನು ಆಗಿನ್ನೂ ಪೌರತ್ವ ಪಡೆದಿರಲಿಲ್ಲ, ಮತ ಹಾಕಲು ಆಗಲಿಲ್ಲ.

ನೀವು ಸಭೆಯಲ್ಲಿ ಮಾತಾಡಿದರೆ ಬಸ್ಸಿನ ಮಾತನ್ನೂ ದಯವಿಟ್ಟು ಸೇರಿಸಿ. ಅದಿಲ್ಲದೆ ಪಾರ್ಕಿಂಗ್ ಕಡಿಮೆ ಮಾಡಿ ಅಂದರೆ ನಮ್ಮಂಥವರು ನಿಮ್ಮ ಜೊತೆ ನಿಲ್ಲುವುದು ಕಷ್ಟ.

ಅಗ್ರಹಾರ ಸರ್ಕಲ್

ಮೈಸೂರಿನಿಂದ ಬರೆಯುತ್ತಿದ್ದೇನೆ. ಹೊರಗಿನವನು ಅಂತ ಅಂದುಕೊಳ್ಳಬೇಡಿ. ಅಕ್ಕ ಮೈಸೂರಿನವರು ಅಂದಿದ್ದಕ್ಕೆ ಬರೆಯಬೇಕು ಅನ್ನಿಸಿತು.

ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಅವತ್ತಿನಿಂದ ಕೆಡವಿ ಹೊಸದು ಕಟ್ಟೋಣ ಅನ್ನುವವರು ಒಂದು ಕಡೆ, ರಿಪೇರಿ ಮಾಡೋಣ ಅನ್ನುವವರು ಇನ್ನೊಂದು ಕಡೆ. ವರ್ಷಗಟ್ಟಲೆ ಕೋರ್ಟು ಕಚೇರಿ. ಲ್ಯಾನ್ಸ್‌ಡೌನ್ ಸಾಲಿನಲ್ಲಿ ನಾನು ಹಳೇ ಪಠ್ಯಪುಸ್ತಕ ಕೊಳ್ಳುತ್ತಿದ್ದೆ, ಅರ್ಧ ಬೆಲೆಗೆ. ಆ ಅಂಗಡಿಯವರ ಸಂಕಟ ಕಣ್ಣಾರೆ ನೋಡಿದ್ದೇನೆ. ನಾಲ್ಕು ಜೀವ ಹೋದ ಮೇಲೆ ಏನೂ ಮಾಡಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ವುಡ್‌ವರ್ಡ್ ಮಾವ ಹೇಳಿದ ಹತ್ತೊಂಬತ್ತು ವರ್ಷದ ಕಥೆ ಓದಿ ಎದೆ ಧಸಕ್ ಅಂದಿತು. ಕೆಡವಿದ ಮೇಲೆ ಹಣ ಬರಲಿಲ್ಲ, ಟೆಂಡರ್ ಆಗಲಿಲ್ಲ ಅಂದರೆ? ಊರಿನ ನಡುಮಧ್ಯೆ ಖಾಲಿ ಜಾಗ ಸಿಕ್ಕರೆ ಮಾರನೇ ದಿನವೇ ಸ್ಕೂಟರ್ ಸ್ಟ್ಯಾಂಡ್ ಆಗುತ್ತದೆ ಅನ್ನುವುದು ನಮಗೂ ಗೊತ್ತು.

ಅಕ್ಕ, ನಿಮ್ಮ ಅಪ್ಪ ದೇವರಾಜ ಮಾರುಕಟ್ಟೆಯ ಗಾರೆ ನೋಡಿದ್ದಾರಾ? ಅಲ್ಲಿನದು ರಿಪೇರಿ ಆಗುತ್ತದಾ ಅಂತ ಅವರನ್ನು ಒಂದು ಮಾತು ಕೇಳಿ.

ಸೈಟು ಲೆಕ್ಕ

ಎರಡನೇ ಪ್ರಶ್ನೆ ಬಿಟ್ಟಿದ್ದೆ. ಸಿಟಿ ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಇರುತ್ತದೆ, ಒಂದೆರಡು ನಿಮಿಷ. ಆನ್‌ಲೈನ್‌ನಲ್ಲೂ ಮಾತಾಡಬಹುದು. ಅದಕ್ಕೂ ಮೊದಲು ಬೇಲಿ ಹಾಕಿದ ಆ ಕಟ್ಟಡ ಊರಿನ ಐತಿಹಾಸಿಕ ವಲಯದ ಒಳಗಿದೆಯಾ ಅಂತ ನೋಡಿ. ಒಳಗಿದ್ದರೆ ಕೆಡವಲು ಐತಿಹಾಸಿಕ ವಲಯ ಆಯೋಗದ ಒಪ್ಪಿಗೆ ಬೇಕು. ಆಯೋಗದ ವಿಚಾರಣೆಗೂ ಹೋಗಿ ಮಾತಾಡಬಹುದು.

ಒಂದು ಎಚ್ಚರ. ಹೆಸರು ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದರೆ ಸಾಕು, ಯಾರೂ ಮುಟ್ಟಲ್ಲ ಅಂತ ತುಂಬ ಜನ ತಿಳಿದಿದ್ದಾರೆ. ಖಾಸಗಿ ಮಾಲೀಕ ತನ್ನ ಹಣದಲ್ಲಿ ಕೆಡವುವುದನ್ನು ಅದು ತಡೆಯುವುದಿಲ್ಲ. ಇದೇ ಡೌನ್‌ಟೌನ್‌ನ ಮ್ಯಾಡಿಸನ್-ಲೆನಾಕ್ಸ್ ಹೋಟೆಲ್ ದೇಶದಲ್ಲೇ ಅತಿ ಹೆಚ್ಚು ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ 2004ರಲ್ಲಿ ಸೇರಿತ್ತು. 2005ರಲ್ಲಿ ಕೆಡವಿದರು. ಅಲ್ಲಿ ಬಂದದ್ದೂ ಪಾರ್ಕಿಂಗ್.

ಸಭೆಯಲ್ಲಿ "ಇದು ಚೆನ್ನಾಗಿದೆ, ಉಳಿಸಿ" ಅಂದರೆ ಕೇಳಿಸಿಕೊಂಡು ಸುಮ್ನೆ ಮುಂದೆ ಹೋಗುತ್ತಾರೆ. "ಇಲ್ಲಿ ಮುಂದೆ ಏನು ಬರುತ್ತದೆ, ಅದಕ್ಕೆ ಹಣ ಎಲ್ಲಿದೆ, ಯಾವಾಗ ಶುರು" ಅಂತ ಕೇಳಿ. ಮೂರು ದಶಕ ಖಾಲಿ ನಿಂತಿದ್ದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ 2024ರ ಜೂನ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು ಅನ್ನುವುದನ್ನೂ ನೆನಪಿಸಿ. ಅದನ್ನೂ ಕೆಡವಿಬಿಡಿ ಅಂದವರು ಕಡಿಮೆ ಇರಲಿಲ್ಲ.

ಗಾರೆ ಮೇಸ್ತ್ರಿ ಮಗಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಾವ, ಆ ಅಡುಗೆಮನೆ ಮಾತು ತಲೆಯಿಂದ ಹೋಗುತ್ತಿಲ್ಲ. ರಾತ್ರಿ ಪಾಳಿ ಅವರೇ, ಬಸ್ಸಿನ ಮಾತು ಖಂಡಿತ ಸೇರಿಸುತ್ತೇನೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಬೇಲಿ ಹಾಕಿದ ಕಟ್ಟಡದ ವಿಳಾಸ ಹಾಕಿ ನೋಡಿದೆ. ಐತಿಹಾಸಿಕ ವಲಯದ ಒಳಗೇ ಇದೆ! ಆಯೋಗಕ್ಕೆ ಇ-ಮೇಲ್ ಕಳಿಸಿದ್ದೇನೆ. ಉತ್ತರ ಬಂದ ತಕ್ಷಣ ಇಲ್ಲಿ ಹಾಕುತ್ತೇನೆ.

ಅಗ್ರಹಾರ ಸರ್ಕಲ್ ಅವರೇ, ಅಪ್ಪನನ್ನು ಕೇಳಿದೆ. ಮಾರುಕಟ್ಟೆಯ ಗೋಡೆ ಸುಣ್ಣದ ಗಾರೆಯದು, ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ನೀರು ಹೊರಗೆ ಬರಲು ದಾರಿ ಇಲ್ಲದೆ ಇಟ್ಟಿಗೆ ಪುಡಿಯಾಗುತ್ತದೆ ಅಂದರು. ಸುಣ್ಣಕ್ಕೆ ಸುಣ್ಣವೇ ಬೇಕು, ಕಾಯುವ ತಾಳ್ಮೆ ಬೇಕು, ಗೊತ್ತಿರುವ ಕೈ ಬೇಕು. ಯಾರಾದರೂ ಕರೆದರೆ ಹೋಗಿ ತೋರಿಸುತ್ತೇನೆ ಅಂತಲೂ ಹೇಳಿದರು. ವಯಸ್ಸು ಎಪ್ಪತ್ತೊಂದು.

ಇವತ್ತು ಆಫೀಸಿನಿಂದ ಹೊರಡುವಾಗ ಎದುರಿನ ಪಾರ್ಕಿಂಗ್‌ನಲ್ಲಿ ಏಣಿ, ಬಿಳಿ ಬಣ್ಣದ ಡಬ್ಬಗಳನ್ನು ತಂದಿಟ್ಟಿದ್ದರು. ಗೋಡೆಗೆ ಬಳಿಯುತ್ತಾರಂತೆ. ರಸ್ತೆ ದಾಟಿ ಹೋಗಿ ಮೆಟ್ಟಿಲಿನ ಗುರುತು, ಆ ಹಸಿರು ಚೌಕ ಎರಡರದ್ದೂ ಫೋಟೊ ತೆಗೆದುಕೊಂಡು ಬಂದೆ. ಸಭೆಗೆ ಹೋಗುವಾಗ ಅದನ್ನೇ ಒಯ್ಯುತ್ತೇನೆ.