ರಾತ್ರಿಯೆಲ್ಲಾ ಫ್ರಿಜ್, ಫ್ಯಾನು ನಡೀಬೇಕಂದ್ರ ಎಷ್ಟು ಬ್ಯಾಟರಿ ಬೇಕ್ರಿ?

ಮಾಳಿಗಿಮನಿ, ವಿಜಯಪುರ

ನಮಸ್ಕಾರ್ರೀ. 540 ವ್ಯಾಟಿನ ಎರಡು ಪ್ಯಾನೆಲ್, 24 ವೋಲ್ಟಿನ ಸೋಲಾರ್ ಇನ್ವರ್ಟರ್ ಹಾಕಸೂದು ಐತಿ. ಸಂಜಿ 6ರಿಂದ ಮುಂಜಾನಿ 7ರ ತನಕ ಬ್ಯಾಟರಿ ಮ್ಯಾಲ ನಡೀಬೇಕಾದ್ದು ಇಷ್ಟು: 75 ವ್ಯಾಟಿನ ಎರಡು ಫ್ಯಾನು 8 ತಾಸು, 9 ವ್ಯಾಟಿನ ಆರು ಬಲ್ಬು 4 ತಾಸು, 80 ವ್ಯಾಟಿನ ಟಿವಿ 2 ತಾಸು, 10 ವ್ಯಾಟಿನ ವೈಫೈ ರಾತ್ರಿಯೆಲ್ಲಾ, ಒಂದು ಸಣ್ಣ ಫ್ರಿಜ್. 150 ಎಎಚ್ (ಆಂಪಿಯರ್-ತಾಸು) ಟ್ಯೂಬ್ಯುಲರ್, ಅಂದ್ರ ನೀರು ಹಾಕೂ ಸೀಸದ ಬ್ಯಾಟರಿ, ಎರಡು ಸಾಕು ಅಂತ ಅಂಗಡಿಯವ್ರು ಹೇಳತಾರ. ಮನ್ಯಾಗ ನಾಕು ವರ್ಷದ ಹಳೇ 150 ಎಎಚ್ ಒಂದು ಐತಿ. ಅದಕ್ಕ ಹೊಸಾದೊಂದು ಜೋಡಿಸಿದ್ರ ನಡೀತೈತೇನ್ರಿ? 1 ಎಚ್‌ಪಿ ನೀರಿನ ಮೋಟರೂ ಇದರ ಮ್ಯಾಲ ಹಾಕಬಹುದ?

ತಾಮ್ರದತಂತಿ, ಬಾಗಲಕೋಟೆ

ಎಎಚ್ ಬಿಡ್ರಿ, ವ್ಯಾಟ್-ತಾಸಿನ ಲೆಕ್ಕಾ ಮಾಡ್ರಿ. ಫ್ಯಾನಿಗೆ 1200, ಬಲ್ಬಿಗೆ 216, ಟಿವಿಗೆ 160, ವೈಫೈಗೆ 130, ಫ್ರಿಜ್ಜಿಗೆ ರಾತ್ರಿ ಪಾಲು ಸುಮಾರು 600. ಎಲ್ಲಾ ಕೂಡಿ 2300ರ ಆಸುಪಾಸು. ಇನ್ವರ್ಟರಿನ್ಯಾಗ ನೂರಕ್ಕ 15 ಹೋಗತೈತಿ ಅಂತ ಹಿಡದ್ರ ಬ್ಯಾಟರಿಯಿಂದ 2700 ಹೊರಗ ಬರಬೇಕು. 12 ವೋಲ್ಟ್, 150 ಎಎಚ್ ಗುಣಿಸಿದ್ರ 1800 ಖರೆ, ಆದ್ರ ಟ್ಯೂಬ್ಯುಲರಿನ್ಯಾಗಿಂದ ದಿನಾ ಅರ್ಧಕ್ಕಿಂತ ಹೆಚ್ಚು ತಗೀಬಾರದು. ಎರಡು ಬ್ಯಾಟರಿಯಿಂದ ಸಿಗೂದು ಬರೇ 1800. ನಸುಕಿನ್ಯಾಗ ಫ್ಯಾನು ನಿಲ್ಲೂದು ಖಾತ್ರಿ.

ಬ್ಯಾಟರಿ ಹೆಚ್ಚು ಮಾಡೂಕಿಂತ ಮೊದಲ ಫ್ಯಾನು ಬದಲಿ ಮಾಡ್ರಿ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು (ಕಡಿಮಿ ಕರೆಂಟ್ ಉಣ್ಣೂ ಮೋಟರಿಂದು) ಎರಡು ಹಾಕಿದ್ರ ಒಂದು ರಾತ್ರಿಗೆ 720 ವ್ಯಾಟ್-ತಾಸು ಉಳೀತೈತಿ. ಅಷ್ಟು ಹೊರಲಿಕ್ಕೆ ಹತ್ತಿರ ಹತ್ತಿರ ಒಂದು ಬ್ಯಾಟರಿ ಬೇಕಾಗತಿತ್ತು.

ಹಳೇದಕ್ಕ ಹೊಸಾದು ಬ್ಯಾಡ್ರಿ. 24 ವೋಲ್ಟಿಗೆ ಎರಡನ್ನೂ ಸೀರೀಸಿನ್ಯಾಗ (ಒಂದರ ಹಿಂದ ಒಂದು) ಕಟ್ಟತೀರಿ, ಕರೆಂಟ್ ಎರಡರಾಗೂ ಒಂದ. ಶಕ್ತಿ ಕುಂದಿದ್ದು ಮೊದಲ ತುಂಬಿ ಕುದ್ದು ನೀರು ಕಳಕೋತೈತಿ, ಖಾಲಿ ಆಗೂಮುಂದೂ ಅದ ಮೊದಲು. ಹೊಸಾದು ಎಂದೂ ಪೂರ್ತಿ ತುಂಬೂದಿಲ್ಲ, ಅದರ ಪ್ಲೇಟಿನ ಮ್ಯಾಲೆ ಸಲ್ಫೇಟ್ ಕೂಡತೈತಿ. ಎರಡೂ ಕೂಡೇ ಹಾಳಾಗತಾವ.

ಮೋಟರ್ ಹೆಸ್ಕಾಂ ಲೈನಿನ ಮ್ಯಾಲ ಇರಲಿ. ಚಾಲೂ ಆಗೂಮುಂದ ಅದು ಹಲವು ಪಟ್ಟು ಕರೆಂಟ್ ಜಗ್ಗತೈತಿ.

ಗುಮ್ಮಟದನೆರಳು, ವಿಜಯಪುರ

ಮ್ಯಾಲಿನ ಲೆಕ್ಕದಾಗ ಒಂದು ಬಿಟ್ಟೈತ್ರಿ: ಇನ್ವರ್ಟರ್ ತಾನೂ ಉಣ್ಣತೈತಿ. ಏನೂ ಲೋಡ್ ಇರದಿದ್ರೂ 25 ವ್ಯಾಟ್ ಹಿಡೀರಿ, 13 ತಾಸಿಗೆ 325. ಬಿಎಲ್‌ಡಿಸಿ ಹಾಕಿದ ಮ್ಯಾಲೆ ಬ್ಯಾಟರಿಯಿಂದ ಬೇಕಾದ್ದು ಸುಮಾರು 2200. 200 ಎಎಚ್ ಎರಡು ತಗೊಂಡ್ರ ಅರ್ಧಾ ಅಂದ್ರ 2400, ಸರಿಹೋಗತೈತಿ. ಲೇಬಲ್ ಮ್ಯಾಲೆ ಸಿ10 ಅಂತ ಇರಲಿ, ಅಂದ್ರ 10 ತಾಸಿನ್ಯಾಗ ಖಾಲಿ ಮಾಡಿದ್ರ ಸಿಗೂ ಲೆಕ್ಕ. ಸಿ20 ಲೆಕ್ಕದ 200 ಎಎಚ್ ಅಂದ್ರ 20 ತಾಸಿನ್ಯಾಗ ನಿಧಾನ ಖಾಲಿ ಮಾಡಿದ್ರ ಸಿಗೂದು. 10 ತಾಸಿನ್ಯಾಗ ತಗದ್ರ ಅಷ್ಟು ಸಿಗೂದಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದ್ರ ನೂರಕ್ಕ 80 ತಗೀಬಹುದು. 25.6 ವೋಲ್ಟಿನ 100 ಎಎಚ್ ಸ್ವಲ್ಪ ಕಡಿಮಿ ಬೀಳತೈತಿ, 150 ಎಎಚ್ ಆರಾಮ. ಆದ್ರ ಇನ್ವರ್ಟರಿನ್ಯಾಗ ಲಿಥಿಯಂ ಸೆಟ್ಟಿಂಗ್ ಇರಲೇಬೇಕು: ಚಾರ್ಜ್ 28.4 ವೋಲ್ಟಿಗಿಂತ ಮ್ಯಾಲ ಬ್ಯಾಡ, ಈಕ್ವಲೈಸ್ (ಎಲ್ಲಾ ಸೆಲ್ ಸಮ ಮಾಡೂ ಹೆಚ್ಚಿನ ವೋಲ್ಟೇಜ್ ಚಾರ್ಜ್) ಬಂದ್. ಟ್ಯೂಬ್ಯುಲರ್ ಸೆಟ್ಟಿಂಗಿನ್ಯಾಗ ಬಿಟ್ರ ವೋಲ್ಟೇಜ್ ಏರಿ ಬಿಎಂಎಸ್ (ಒಳಗಿನ ಕಾವಲು ಸರ್ಕ್ಯೂಟ್) ಬ್ಯಾಟರಿನ ಕಡದ ಬಿಡತೈತಿ.

ಚಾರ್ಜಿಂಗ್ ಕರೆಂಟೂ ನೋಡ್ರಿ. ನಿಮ್ಮ ಪ್ಯಾನೆಲ್ ಒಳ್ಳೆ ಬಿಸಲಿನ್ಯಾಗ 24 ವೋಲ್ಟಿಗೆ 35 ಆಂಪಿಯರ್ ದಾಟತಾವ. 200 ಎಎಚ್ ಟ್ಯೂಬ್ಯುಲರಿಗೆ 20ರಿಂದ 25ಕ್ಕ ಕಟ್ಟಿ ಹಾಕ್ರಿ, ಉಳದದ್ದು ಹಗಲಿನ ಲೋಡಿಗೆ ಹೋಗಲಿ.

ಮಾಳಿಗಿಮನಿ, ವಿಜಯಪುರ

ಭಾಳ ಉಪಕಾರ ಆತ್ರಿ. 200 ಎಎಚ್ ಎರಡು ಹೊಸಾವ ತಗೋತೀನಿ. ನೀರು ಎಷ್ಟು ದಿನಕ್ಕ ಹಾಕಬೇಕು? ಮಾಳಿಗಿ ಮ್ಯಾಲಿನ ತಗಡಿನ ಶೆಡ್ಡಿನ್ಯಾಗ ಇಡಬಹುದ?

ಆಸಿಡ್‌ಕ್ಯಾನು, ಗೋಕಾಕ

ತಗಡಿನ ಶೆಡ್ ಬ್ಯಾಡೇ ಬ್ಯಾಡ. 25 ಡಿಗ್ರಿ ಮ್ಯಾಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿ ಆಯುಷ್ಯ ಹೆಚ್ಚುಕಮ್ಮಿ ಅರ್ಧಾ ಆಗತೈತಿ. ವಿಜಯಪುರದ ಏಪ್ರಿಲ್ ಬಿಸಲಿಗೆ ಆ ತಗಡಿನ ಕೆಳಗ ಎಷ್ಟು ಕಾಯತೈತಿ ಅಂತ ನಿಮಗ ಗೊತ್ತ ಐತಿ. ಕೆಳಗ ಜಿನೆದ ಸಂದಿನ್ಯಾಗ, ಗಾಳಿ ಆಡೂವಲ್ಲೆ ಇಡ್ರಿ. ಚಾರ್ಜ್ ಆಗೂಮುಂದ ಹೈಡ್ರೋಜನ್ ಬರತೈತಿ, ಹಂಗಾಗಿ ದೇವರ ದೀಪ, ಗ್ಯಾಸ್ ಒಲಿ ಹತ್ತರ ಬ್ಯಾಡ.

ನೀರು ತಿಂಗಳಿಗೊಮ್ಮೆ ನೋಡ್ರಿ, ಬ್ಯಾಸಗ್ಯಾಗ 15 ದಿನಕ್ಕೊಮ್ಮೆ. ಡಿಸ್ಟಿಲ್ಡ್ ವಾಟರ್ ಅಷ್ಟ. ಬೋರಿನ ನೀರಿನ್ಯಾಗಿನ ಕ್ಲೋರೈಡ್, ಕಬ್ಬಿಣ ಪ್ಲೇಟ್ ತಿಂತಾವ. ಮನಿ ಫಿಲ್ಟರ್ ನೀರಿನ್ಯಾಗೂ ಲವಣ ಉಳದಿರತೈತಿ. ಆಸಿಡ್ ಎಂದೂ ಸೇರಿಸಬ್ಯಾಡ್ರಿ, ಆರೂದು ನೀರು ಅಷ್ಟ. ಪೂರ್ತಿ ಚಾರ್ಜ್ ಆದ ಮ್ಯಾಲೆ ಹಾಕ್ರಿ, ಮೊದಲ ತುಂಬಿಸಿದ್ರ ಚಾರ್ಜಿನ್ಯಾಗ ಉಕ್ಕಿ ಆಸಿಡ್ ಹೊರಗ ಚೆಲ್ಲತೈತಿ. ಪ್ಲೇಟ್ ತೆರದು ಕಾಣತಿದ್ರ ಮಾತ್ರ ಅವು ಮುಳುಗೂವಷ್ಟು ಮೊದಲ ಹಾಕಿ, ಆಮ್ಯಾಲೆ ಚಾರ್ಜ್ ಮಾಡ್ರಿ.

ಒಂದು ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಅಂತ ತೋರಸೂದು) ತಗೊಂಡು ಮೂರು ತಿಂಗಳಿಗೊಮ್ಮೆ ಎಲ್ಲಾ 12 ಸೆಲ್ (ಒಂದು ಬ್ಯಾಟರಿಗೆ ಆರು) ಅಳದು ಬರದಿಡ್ರಿ. ತುಂಬಿದಾಗ 1.240ರ ಆಸುಪಾಸು ಇರತೈತಿ. 11 ಸೆಲ್ 1.240 ಇದ್ದು ಒಂದು 1.190ಕ್ಕ ನಿಂತಿದ್ರ ಈಕ್ವಲೈಸ್ ಚಾರ್ಜ್ ಕೊಟ್ಟು ನೋಡ್ರಿ. ಆಗಲೂ ಏರದಿದ್ರ ಆ ಸೆಲ್ ಹೋಗೇತಿ, ವಾರಂಟಿ ಇರೂದರಾಗ ಒಯ್ರಿ. ಆಸಿಡ್ ಬಿಸಿ ಇದ್ದಾಗ ರೀಡಿಂಗ್ ಕಡಿಮಿ ತೋರಸತೈತಿ. 27 ಡಿಗ್ರಿ ಮ್ಯಾಲೆ ಪ್ರತಿ 10 ಡಿಗ್ರಿಗೆ 0.007 ಕೂಡಿಸ್ರಿ.

ಟರ್ಮಿನಲ್ ಮ್ಯಾಲೆ ಬಿಳೇ ಪುಡಿ ಬಂದ್ರ, ಮುಚ್ಚಳ ಬಿಗಿ ಮಾಡಿ, ಅಡಗಿ ಸೋಡಾ ಕಲಸಿದ ನೀರಿಂದ ಒರಸಿ, ಒಣಗಿಸಿ, ನಟ್ ಬಿಗದು ವ್ಯಾಸಲೀನ್ ಹಚ್ಚರಿ. ಸೋಡಾ ನೀರು ಒಳಗ ಹೋದ್ರ ಆಸಿಡ್ ಕೆಡತೈತಿ.

ತಾಮ್ರದತಂತಿ, ಬಾಗಲಕೋಟೆ

ಒಂದು ಬಾಕಿ ಐತಿ. ಬ್ಯಾಟರಿ ಪ್ಲಸ್ಸಿನ ಹತ್ತರ ಡಿಸಿ ಫ್ಯೂಸ್ ಹಾಕಸಲೇಬೇಕ್ರಿ. 1000 ವ್ಯಾಟ್ ಲೋಡಿಗೆ 24 ವೋಲ್ಟಿನ್ಯಾಗ 50 ಆಂಪಿಯರ್ ಹರೀತೈತಿ. 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಉದ್ದ ಎರಡು ಮೀಟರಿನ ಒಳಗ, 80 ಆಂಪಿಯರ್ ಫ್ಯೂಸ್. ಮನಿ ಲೈನಿನ ಎಸಿ ಎಂಸಿಬಿನ (ತಾನ ಬೀಳೂ ಸ್ವಿಚ್) ಇಲ್ಲೆ ಹಾಕಲಿಕ್ಕೆ ಬಂದ್ರ ಒಪ್ಪಬ್ಯಾಡ್ರಿ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರತೈತಿ, ಕಿಡಿ ಆರತೈತಿ. ಡಿಸಿ ಹಂಗ ಬರೂದಿಲ್ಲ. ಕಿಡಿ ಹಿಡಕೊಂಡು ಎಂಸಿಬಿನ ಸುಡತೈತಿ.