ಹೆದ್ದಾರಿಯ ‘ಟರ್ಮಿನಸ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ಪರಿಚಯಿಸುವ ಪ್ರದರ್ಶನ ಫಲಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಪಠ್ಯ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ‘ಟರ್ಮಿನಸ್’, ಅಂದರೆ ಹೆದ್ದಾರಿ ಕೊನೆಗೊಳ್ಳುವ ಜಾಗ, ಎಂಬ ಪದ ಮತ್ತೆ ಮತ್ತೆ ಬರುತ್ತದೆ. ವಿಷಯ ಹೀಗಿದೆ: ಹಿಂದೆ ರಾಷ್ಟ್ರೀಯ ಹೆದ್ದಾರಿ 48 ಎಂದರೆ ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗುವ ದಾರಿಯಾಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟಾಗ ಇದು 75 ಆಯಿತು. ಇದರ ಪಶ್ಚಿಮದ ಟರ್ಮಿನಸ್ ಮಂಗಳೂರಿನ ಬದಲು ಬಂಟ್ವಾಳವಾಯಿತು, ಪೂರ್ವದ್ದು ಬೆಂಗಳೂರನ್ನು ಬಿಟ್ಟು ಕೋಲಾರ, ಮುಳಬಾಗಿಲುಗಳನ್ನು ದಾಟಿ ತಮಿಳುನಾಡಿನ ವೆಲ್ಲೂರಿಗೆ ಹೋಯಿತು. ಬಂಟ್ವಾಳದಿಂದ ಮಂಗಳೂರಿನವರೆಗಿನ ಭಾಗವು ತುಮಕೂರು–ಮಂಗಳೂರು ಹೆದ್ದಾರಿಯಾದ 73ಕ್ಕೆ ಸೇರಿತು.

‘ಅಂತಿಮ ನಿಲ್ದಾಣ’ ಎಂದರೆ ಅದು ರೈಲಿನ ಮಾತಾಗುತ್ತದೆ, ‘ಅಂತ್ಯಬಿಂದು’ ರೇಖಾಗಣಿತದ ಪಾಠದಂತೆ ಕೇಳಿಸುತ್ತದೆ, ‘ಗಡಿ’ ಎಂದು ಬರೆದರೆ ಓದುಗರು ರಾಜ್ಯದ ಗಡಿಯೆಂದೇ ತಿಳಿಯುತ್ತಾರೆ. ದಯವಿಟ್ಟು ದಾರಿ ತೋರಿಸಿ.

ಉತ್ತರ 1

‘ತುದಿ.’ ಬೇರೆ ಪದವನ್ನು ಹುಡುಕುವ ಅಗತ್ಯವೇ ಇಲ್ಲ. ಇದು ದ್ರಾವಿಡ ಮೂಲದ ಪದ. ತೆಲುಗಿನಲ್ಲಿಯೂ ‘ತುದಿ’ ಎಂದರೆ ಕೊನೆಯೇ. ‘ಪಡುವಣ ತುದಿ’, ‘ಮೂಡಣ ತುದಿ’ ಎಂದು ಬರೆಯಿರಿ. ‘ಹೆದ್ದಾರಿ’ಯಂತಹ ಅಚ್ಚಗನ್ನಡ ಪದದ ಪಕ್ಕದಲ್ಲಿ ‘ಅಂತ್ಯಬಿಂದು’ವನ್ನು ಕೂರಿಸುವುದು ಅರಿಸಮಾಸಕ್ಕೆ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಸಲ್ಲದ ರೀತಿಯಲ್ಲಿ ಬೆಸೆಯುವ ದೋಷಕ್ಕೆ, ಸಮ. ಈ ಬಗೆಯ ಪದಗಳನ್ನು ಕಚೇರಿಗಳ ಕಡತಗಳಿಗೇ ಬಿಟ್ಟುಬಿಡುವುದು ಒಳ್ಳೆಯದು.

ಉತ್ತರ 2

‘ಟರ್ಮಿನಸ್’ ಎಂದೇ ಇರಲಿ. ಆ ಹೆದ್ದಾರಿಯ ಪಶ್ಚಿಮದ ಕೊನೆ ಇರುವುದು ಬಿ.ಸಿ. ರೋಡಿನಲ್ಲಿ. ಬಿ.ಸಿ. ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಊರಿನ ಹೆಸರನ್ನೇ ಇಂಗ್ಲಿಷಿನಿಂದ ಪಡೆದು ತಮ್ಮದಾಗಿಸಿಕೊಂಡಿರುವ ಜನರಿಗೆ ‘ಪಡುವಣ ತುದಿ’ ಎಂದು ಬರೆದು ತೋರಿಸುವುದು ಯಾರ ಸಮಾಧಾನಕ್ಕೆ? ಟೋಲ್, ಬೈಪಾಸ್, ಸರ್ವಿಸ್ ರಸ್ತೆ, ಫ್ಲೈಓವರ್ ಎಲ್ಲವೂ ಕನ್ನಡದೊಳಗೆ ನೆಲೆನಿಂತಿವೆ. ಶುದ್ಧತೆಯ ಹಟದಿಂದ ಭಾಷೆ ಬೆಳೆದ ಉದಾಹರಣೆಯನ್ನು ನಾನು ಕಂಡಿಲ್ಲ.

ಉತ್ತರ 3

ಮೇಲಿನ ಎರಡೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ‘ಹೆದ್ದಾರಿಯ ಅಂತ್ಯಬಿಂದು’ ಎಂಬಲ್ಲಿ ‘ಅ’ ಎಂಬ ಷಷ್ಠೀ ಪ್ರತ್ಯಯ ಸ್ಪಷ್ಟವಾಗಿ ಕಾಣುತ್ತಿರುವಾಗ ಅಲ್ಲಿ ಸಮಾಸವೇ ಇಲ್ಲ. ಸಮಾಸವಿಲ್ಲದ ಕಡೆ ಅರಿಸಮಾಸದ ದೋಷವನ್ನು ಹೊರಿಸುವುದು ಸಲ್ಲದು. ಸಂಸ್ಕೃತದ ಪದ ಪಕ್ಕದಲ್ಲಿ ಕೂರುವುದೇ ತಪ್ಪಾದರೆ ‘ರಾಷ್ಟ್ರೀಯ ಹೆದ್ದಾರಿ’ ಎಂಬ ಹೆಸರನ್ನೇ ಮೊದಲು ಅಳಿಸಬೇಕಾಗುತ್ತದೆ. ಇನ್ನು ಬಿ.ಸಿ. ರೋಡಿನ ವಾದ. ಊರಿನ ಹೆಸರು ಅಂಕಿತನಾಮ, ನಾವು ಹುಡುಕುತ್ತಿರುವುದು ರೂಢನಾಮ. ಬಿ.ಸಿ. ರೋಡಿನಲ್ಲಿ ಬಸ್ಸಿನಿಂದ ಇಳಿಯುವವರು ಯಾರೂ ‘ಹೆದ್ದಾರಿಯ ಟರ್ಮಿನಸ್ಸಿನಲ್ಲಿ ಇಳಿದೆ’ ಎನ್ನುವುದಿಲ್ಲ. ಜನರು ಬಳಸುತ್ತಿರುವ ಎರವಲು ಪದಕ್ಕೆ ನನ್ನ ವಿರೋಧವಿಲ್ಲ. ಯಾರೂ ಬಳಸದ ಎರವಲು ಪದವನ್ನು ಬಳಕೆಯ ಹೆಸರಿನಲ್ಲಿ ತಂದಿಡುವುದಕ್ಕೆ ವಿರೋಧವಿದೆ.

ಆದರೆ ಪದಕ್ಕಿಂತ ದೊಡ್ಡ ತೊಡಕು ವಾಕ್ಯದಲ್ಲಿದೆ. ‘ಹೆದ್ದಾರಿಯ ತುದಿ ಬಂಟ್ವಾಳಕ್ಕೆ ಬದಲಾಯಿತು’ ಎಂದು ಬರೆದರೆ, ಬಂಟ್ವಾಳದಿಂದ ಮುಂದಕ್ಕೆ ಮಂಗಳೂರಿಗೆ ದಾರಿಯೇ ಇಲ್ಲವಾಯಿತೆಂದು ಓದುಗರು ತಿಳಿಯುವ ಸಾಧ್ಯತೆಯಿದೆ. ನೆಲದ ಮೇಲಿನ ರಸ್ತೆ ಇದ್ದಲ್ಲಿಯೇ ಇದೆ. ಬದಲಾದದ್ದು ಅದಕ್ಕೆ ಕೊಟ್ಟ ಸಂಖ್ಯೆಯ ಹರವು. ಹೊಸ ಕ್ರಮದಲ್ಲಿ ಉತ್ತರ–ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆಗಳನ್ನೂ ಪೂರ್ವ–ಪಶ್ಚಿಮವಾಗಿ ಸಾಗುವವಕ್ಕೆ ಬೆಸಸಂಖ್ಯೆಗಳನ್ನೂ ಕೊಟ್ಟರು. ಆದ್ದರಿಂದ ಪೂರ್ವ–ಪಶ್ಚಿಮದ ನಮ್ಮ ದಾರಿಗೆ 48 ಉಳಿಯದೆ 75 ಬಂತು. ಆ 48 ಎಲ್ಲಿಗೆ ಹೋಯಿತು ಎಂಬುದನ್ನು ಫಲಕದಲ್ಲಿ ಹೇಳಲೇಬೇಕು. ಅದು ಈಗ ದೆಹಲಿಯಿಂದ ಜೈಪುರ, ಅಹಮದಾಬಾದು, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳನ್ನು ಹಾದು ಚೆನ್ನೈ ಸೇರುವ ಹೆದ್ದಾರಿಯ ಸಂಖ್ಯೆ. ಅದರಲ್ಲಿ ಕರ್ನಾಟಕದೊಳಗೆ ಬೆಂಗಳೂರಿನವರೆಗಿನ ಭಾಗವನ್ನು ನಾವು ಮೊದಲು ‘ನಾಲ್ಕು’ ಎಂದು ಕರೆಯುತ್ತಿದ್ದೆವು. ನೆಲಮಂಗಲದಲ್ಲಿ ಹಿಂದೆ ನಾಲ್ಕರಿಂದ ನಲವತ್ತೆಂಟು ಕವಲೊಡೆಯುತ್ತಿತ್ತು, ಈಗ ನಲವತ್ತೆಂಟರಿಂದ ಎಪ್ಪತ್ತೈದು ಕವಲೊಡೆಯುತ್ತದೆ. ಹಳಬರೊಬ್ಬರು ‘ನಲವತ್ತೆಂಟನ್ನು ಹಿಡಿದು ಹೋಗಿ’ ಎಂದರೆ ಅವರ ಮನಸ್ಸಿನಲ್ಲಿರುವುದು ಹಾಸನದ ದಿಕ್ಕು, ಅದೇ ಸಂಖ್ಯೆಯ ಇಂದಿನ ಫಲಕ ತೋರಿಸುವುದು ತುಮಕೂರಿನ ದಿಕ್ಕು. ಹೀಗಿರುವಾಗ ‘ಹೆದ್ದಾರಿ 48ರ ತುದಿಗಳು ಬದಲಾದವು’ ಎಂಬ ವಾಕ್ಯ ಯಾವ ದಾರಿಯನ್ನು ಕುರಿತದ್ದೆಂದೇ ತಿಳಿಯುವುದಿಲ್ಲ.

ಕರಾವಳಿಯ ದಾರಿಯಲ್ಲಿ ಈ ತೊಡಕಿಲ್ಲ. ಹಳೆಯ 17 ಪನ್ವೇಲಿನಿಂದ ಹೊರಟು ಕಾರವಾರ, ಉಡುಪಿ, ಮಂಗಳೂರುಗಳನ್ನು ಹಾದು ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಮುಗಿಯುತ್ತಿತ್ತು. ಈಗಿನ 66 ಅದೇ ಪನ್ವೇಲಿನಿಂದ ಹೊರಟು, ಇಡಪ್ಪಳ್ಳಿಯಿಂದ ಮುಂದೆ ಹಳೆಯ 47ರ ಭಾಗವನ್ನು ಸೇರಿಸಿಕೊಂಡು ಕನ್ಯಾಕುಮಾರಿಯವರೆಗೆ ಸಾಗುತ್ತದೆ. ಇಲ್ಲಿ ‘ದಕ್ಷಿಣದ ತುದಿ ಕನ್ಯಾಕುಮಾರಿಯವರೆಗೆ ಚಾಚಿತು’ ಎನ್ನಬಹುದು, ಅದು ಸಹಜವಾಗಿಯೂ ಇದೆ. ಹಳೆಯ 7ಕ್ಕೆ ಆದದ್ದು ಇದರ ತಿರುವುಮುರುವು: ಕನ್ಯಾಕುಮಾರಿ ಹಾಗೆಯೇ ಉಳಿಯಿತು, ವಾರಾಣಸಿಯಿದ್ದ ಕಡೆ ಶ್ರೀನಗರ ಬಂದು ಅದು 44 ಆಯಿತು.

ಆದುದರಿಂದ ನನ್ನ ಸಲಹೆ ಇದು. ನಾಮಪದ ಬೇಕೇಬೇಕೆಂದಿರುವ ಕಡೆ, ಶೀರ್ಷಿಕೆಯಲ್ಲಿ ಅಥವಾ ನಕ್ಷೆಯ ಗುರುತಿನಲ್ಲಿ, ‘ತುದಿ’ ಎಂದು ಹಾಕಿ. ಅಷ್ಟರಮಟ್ಟಿಗೆ ಮೊದಲ ಉತ್ತರ ಸರಿ. ವಾಕ್ಯದೊಳಗೆ ಕ್ರಿಯಾಪದಕ್ಕೆ ಕೆಲಸ ಕೊಡಿ. ಹೆದ್ದಾರಿಗಳ ಸರ್ಕಾರಿ ಪಟ್ಟಿಯೂ ಇಂತಹ ಕೂಡುರಸ್ತೆಯಿಂದ ಹೊರಟು, ಇಂತಿಂತಹ ಊರುಗಳನ್ನು ಜೋಡಿಸಿ, ಇಂತಹ ಕೂಡುರಸ್ತೆಯಲ್ಲಿ ಕೊನೆಗೊಳ್ಳುತ್ತದೆ ಎಂಬ ಕ್ರಮದಲ್ಲಿಯೇ ಪ್ರತಿಯೊಂದು ಹೆದ್ದಾರಿಯನ್ನು ವಿವರಿಸುತ್ತದೆ. ‘ಹೊರಡುವುದು’, ‘ಹಾಯುವುದು’, ‘ಸೇರುವುದು’, ‘ಮುಗಿಯುವುದು’ ಎಂಬ ನಾಲ್ಕು ಕ್ರಿಯಾಪದಗಳಿದ್ದರೆ ನಿಮ್ಮ ಇಡೀ ಫಲಕ ಮುಗಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕರಡನ್ನು ಹೀಗೆ ತಿದ್ದಿದ್ದೇನೆ: ‘ಬೆಂಗಳೂರಿನಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ ಹೆದ್ದಾರಿ 48ರ ಬಹುಭಾಗಕ್ಕೆ 2010ರಲ್ಲಿ 75 ಎಂಬ ಸಂಖ್ಯೆ ಬಂತು. 75 ಬಂಟ್ವಾಳದ ಬಳಿ 73ರ ಕೂಡುರಸ್ತೆಯಿಂದ ಹೊರಟು, ಹಾಸನ, ಬೆಂಗಳೂರು, ಕೋಲಾರಗಳನ್ನು ಹಾದು ವೆಲ್ಲೂರಿನಲ್ಲಿ ಮುಗಿಯುತ್ತದೆ. 48 ಎಂಬ ಸಂಖ್ಯೆ ಈಗ ದೆಹಲಿ–ಚೆನ್ನೈ ಹೆದ್ದಾರಿಯದು.’ ನಕ್ಷೆಯಲ್ಲಿ ‘ತುದಿ’ ಎಂದೇ ಬರೆಸುತ್ತೇನೆ.

ಉತ್ತರ 1 ಬರೆದವರಿಂದ

ಸಂಖ್ಯೆ ಬೇರೆ, ದಾರಿ ಬೇರೆ ಎಂಬ ಮಾತನ್ನು ಒಪ್ಪಿದೆ. ಅರಿಸಮಾಸದ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ‘ಕೂಡುರಸ್ತೆ’ಯಲ್ಲಿರುವ ‘ರಸ್ತೆ’ ಫಾರಸಿಯಿಂದ ಬಂದದ್ದು. ಅಚ್ಚಿಗೆ ಕಳುಹಿಸುವ ಮೊದಲು ಅದನ್ನು ‘ಕೂಡುದಾರಿ’ ಎಂದು ತಿದ್ದಿರಿ.

ಉತ್ತರ 3 ಬರೆದವರಿಂದ

ತಿದ್ದಬೇಡಿ. ‘ಕೂಡುರಸ್ತೆ’ ಎಂಬ ಮಾತು ಜನರ ಬಾಯಲ್ಲಿದೆ, ‘ಕೂಡುದಾರಿ’ ಇಲ್ಲ.